ಅಕೊಸಿತಾ ಯಾರನ್ನೂ ಸುಮ್ಮನೆ ನಂಬುವವಳಲ್ಲ

ಸಭೆ ಮುಗಿದು ಜನ ಹೊರಟ ಮೇಲೆ ಅಕೊಸಿತಾ ಮೊದಲು ಚಮಚ ಎಣಿಸುತ್ತಾಳೆ. ಚರ್ಚಿನ ಸಭಾಂಗಣದಲ್ಲಿ ನಲವತ್ತೆಂಟು ಚಹಾ ಚಮಚಗಳಿವೆ. ಇಪ್ಪತ್ತಮೂರು ವರ್ಷಗಳಿಂದ ಅಲ್ಲಿನ ಉಸ್ತುವಾರಿ ಅವಳದು. ಬೀಗ ತೆಗೆಯುವುದು, ಕಸ ಗುಡಿಸುವುದು, ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸುವುದು, ಊರ ಹಂದಿಗಳು ಮೆಟ್ಟಿಲು ಹತ್ತದಂತೆ ಕಾಯುವುದು. ಫೋನ್ ಕಂಪನಿಯವರ ಮೊದಲ ಸಭೆಯ ದಿನವೂ ಎಣಿಸಿದಳು. ಅವರ ಕಡೆಯ ಹುಡುಗಿಯೊಬ್ಬಳು ನೋಡಿ ನಕ್ಕಾಗ, ಬೇಜಾರಾಗಬೇಡ, ಪಾದ್ರಿಗಳ ಸಮ್ಮೇಳನ ಆದ ಮೇಲೂ ಎಣಿಸುತ್ತೇನೆ ಎಂದಳು.

ಟೋಂಗಾದ ರಾಜಧಾನಿ ನುಕುಅಲೋಫಾದಿಂದ ಪೂರ್ವಕ್ಕೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ಊರು ಅದು. ಅವಳಿಗೆ ಅರವತ್ತೊಂದು ವಯಸ್ಸು, ದಪ್ಪ ಮೈ, ಎಡಗಾಲು ಸ್ವಲ್ಪ ಎಳೆಯುತ್ತದೆ. ಸಭಾಂಗಣಕ್ಕೆ ಬರುವಾಗ, ಮರ್ಯಾದೆಗೆಂದು ನಮ್ಮಲ್ಲಿ ಕಟ್ಟುವ ಹಾಗೆ, ಸೊಂಟಕ್ಕೆ ಚಾಪೆ ಸುತ್ತಿಕೊಳ್ಳದೆ ಬಂದದ್ದನ್ನು ಯಾರೂ ನೋಡಿಲ್ಲ. ಅವಳ ಅನುಮಾನ ಊರಿಗೆಲ್ಲ ಗೊತ್ತು. ಪುಕ್ಕಟೆ ಹಂಚಿದ ಹಾಲಿನ ಪುಡಿಯ ಡಬ್ಬಿಯನ್ನು ತಿರುಗಿಸಿ ತಾರೀಖು ಓದುತ್ತಾಳೆ. ಜಿಪುಣನೆಂದು ಹೆಸರಾದ ನೆರೆಯವನು ದೊಡ್ಡ ಗೆಣಸು ಕೊಟ್ಟರೆ ಎರಡಾಗಿ ಕತ್ತರಿಸಿ ಒಳಗೆ ನೋಡುತ್ತಾಳೆ. ಇದಕ್ಕೆ ಕಾರಣವೂ ಇತ್ತು. ಆ ಸಭಾಂಗಣಕ್ಕೆ ಜೇನು ಸಾಕಣೆಯವರು ಬಂದು ಹೋಗಿದ್ದರು, ವೆನಿಲ್ಲಾ ಬೆಳೆಸಿ ಎಂದವರು ಬಂದು ಹೋಗಿದ್ದರು, ಹೆಂಗಸರ ಉಳಿತಾಯ ಸಂಘ ಕಟ್ಟುವವರು ಎರಡು ಸಲ ಬಂದು ಹೋಗಿದ್ದರು. ಪ್ರತಿ ಸಲವೂ ಎಲ್ಲರಿಗೂ ಒಂದೊಂದು ಬಣ್ಣದ ಅಂಗಿ ಸಿಕ್ಕಿತು, ರಸ್ತೆ ಬದಿಗೆ ಒಂದು ಫಲಕ ಬಂತು. ಜೇನುಗೂಡಿನ ಪೆಟ್ಟಿಗೆಗಳು ಒಲೆಗೆ ಹೋಗಿ ಎಷ್ಟೋ ವರ್ಷವಾಗಿದೆ, ಫಲಕ ಇನ್ನೂ ನಿಂತಿದೆ.

ಈ ಸಲದ ಅಂಗಿಯ ಬಣ್ಣ ಹಸಿರು. ಬಡ ಮನೆಯ ಹುಡುಗ ಹುಡುಗಿಯರಿಗೆ ವ್ಯಾಪಾರ ಕಲಿಸುವ ಒಂದು ಸೇವಾ ಸಂಸ್ಥೆ ಮತ್ತು ಒಂದು ಫೋನ್ ಕಂಪನಿ ಕೂಡಿ ನಡೆಸುವ ತರಬೇತಿ. ಆರು ವಾರ, ಇಪ್ಪತ್ತು ಜನ. ಕೊನೆಯ ದಿನ ಒಬ್ಬೊಬ್ಬರೂ ಎದ್ದು ನಿಂತು ತಮ್ಮ ವ್ಯಾಪಾರದ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ಚೆನ್ನಾಗಿ ಮಾಡಿದ ಏಳು ಜನಕ್ಕೆ ಪೇಟೆಯ ಮಾರುಕಟ್ಟೆಯ ಹಿಂದೆ ಒಂದೊಂದು ಮಳಿಗೆ, ವರ್ಷದವರೆಗೆ ಬಾಡಿಗೆ ಇಲ್ಲ. ಆ ಇಪ್ಪತ್ತು ಜನರಲ್ಲಿ ಇಬ್ಬರು ಅಕೊಸಿತಾಳ ಸ್ವಂತ ಅಣ್ಣತಮ್ಮಂದಿರ ಮಕ್ಕಳು. ತಮ್ಮನ ಮಗಳು ಪಿಸಿಲಾಗೆ ಹತ್ತೊಂಬತ್ತು. ಅಪ್ಪ ಆಸ್ಟ್ರೇಲಿಯಾದ ಹಣ್ಣಿನ ತೋಟಕ್ಕೆ ಕೂಲಿಗೆ ಹೋದಾಗಿನಿಂದ ಅತ್ತೆಯ ಮನೆಯಲ್ಲೇ ಬೆಳೆದವಳು. ಅಣ್ಣನ ಮಗ ಫೆಲೆತಿಗೆ ಇಪ್ಪತ್ತಮೂರು. ರಸ್ತೆಯ ಆಚೆ ಮನೆ, ಹುಲ್ಲು ಕೊಯ್ಯುವ ಮಿಷನ್‌ಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಅವನ ಕೈ ಒಳ್ಳೆಯದು. ಫೆಲೆತಿ ಶಾಲೆಯಲ್ಲಿ ತನ್ನ ತಂದೆಯ ಹೆಸರನ್ನೇ ಕೊನೆಯ ಹೆಸರಾಗಿ ಬರೆಸಿದ್ದ, ಪಿಸಿಲಾ ಅಜ್ಜನ ಹೆಸರನ್ನು. ಹಾಗಾಗಿ ತರಬೇತಿಯವರ ಪಟ್ಟಿಯಲ್ಲಿ ಇಬ್ಬರಿಗೂ ಸಂಬಂಧವೇ ಇಲ್ಲ.

ಪಿಸಿಲಾ ಮನೆಗೆ ತಂದ ಒಪ್ಪಿಗೆ ಪತ್ರವನ್ನು ಅಕೊಸಿತಾ ಗಟ್ಟಿಯಾಗಿ ಓದಿಸಿದಳು. ಕಂಪನಿಯವರು ಹುಡುಗಿಯ ಚಿತ್ರ, ಹೆಸರು, ದನಿಯನ್ನು ಜಗತ್ತಿನ ಯಾವ ಭಾಗದಲ್ಲಾದರೂ ಎಷ್ಟು ಕಾಲವಾದರೂ ಬಳಸಬಹುದು ಎಂದಿತ್ತು.

"ಎಷ್ಟು ಕಾಲವಾದರೂ ಅಂತ ಇದೆಯಾ? ಇನ್ನೊಂದ್ಸಲ ಓದು."

"ಇದೆ ಅತ್ತೆ. ಎಲ್ರೂ ಸಹಿ ಹಾಕಿದಾರೆ."

"ಕಟ್ಕೊಂಡ ಗಂಡನಿಗೂ ಇಷ್ಟೆಲ್ಲ ಬರ್ಕೊಡಲ್ಲ ಕಣೇ. ಇವರು ನಿನಗೆ ಮಾಡ್ತಿರೋದಾದ್ರೂ ಏನು?"

ಹುಡುಗಿ ಎರಡು ದಿನ ಊಟ ಬಿಟ್ಟು ಮೂಲೆಯಲ್ಲಿ ಕೂತಳು. ಹೈಸ್ಕೂಲಿನ ಐದನೆಯ ಫಾರಂನಲ್ಲಿ ಶಾಲೆ ಬಿಟ್ಟ ಮೇಲೆ ಅವಳು ಯಾವುದನ್ನೂ ಇಷ್ಟು ಆಸೆಪಟ್ಟು ಕೇಳಿದ್ದಿಲ್ಲ ಎಂಬುದು ಅಕೊಸಿತಾಗೆ ಗೊತ್ತಿತ್ತು. ಮೂರನೆಯ ದಿನ ಸಹಿ ಹಾಕಲು ಬಿಟ್ಟಳು. ಆದರೆ ತರಬೇತಿ ನಡೆಯುವುದು ತನ್ನ ಕಣ್ಣೆದುರೇ, ಬೀಗ ತನ್ನ ಕೈಯಲ್ಲೇ ಎಂದು ಒಂದು ಮಾತು ಸೇರಿಸಿದಳು.

ಕಲಿಸುವವಳ ಹೆಸರು ಲೊಸೆನಾ. ತಂದೆತಾಯಿ ಟೋಂಗಾದವರು, ಅವಳು ಹುಟ್ಟಿ ಬೆಳೆದದ್ದು ಆಕ್ಲೆಂಡಿನಲ್ಲಿ. ನಮ್ಮ ಭಾಷೆಯನ್ನು ಕಲ್ಲು ದಾಟುವವಳಂತೆ ನಿಧಾನವಾಗಿ ಆಡುತ್ತಿದ್ದಳು. ಮೊದಲ ದಿನವೇ ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ ಕೂತದ್ದು ನೋಡಿ, ಎಲ್ಲರೂ ಬೆರೆತು ಕೂರಬೇಕು, ಇಲ್ಲಿ ನಾವೆಲ್ಲ ಅಣ್ಣತಂಗಿಯರ ಹಾಗೆ ಸಂಕೋಚ ಬಿಟ್ಟು ಮಾತಾಡಬೇಕು ಎಂದಳು. ಅಡುಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದ ಅಕೊಸಿತಾ ಬಾಯಿಗೆ ಟವೆಲ್ಲು ಹಿಡಿದುಕೊಂಡಳು. ಸಂಕೋಚ ಬಿಡಿಸಲು ಆ ಹುಡುಗಿಗೆ ಇಡೀ ಟೋಂಗಾದಲ್ಲಿ ಸಿಕ್ಕಿದ್ದು ಆ ಒಂದು ಸಂಬಂಧ.

ನಮ್ಮಲ್ಲಿ ದೊಡ್ಡವರಾದ ಮೇಲೆ ಅಣ್ಣತಂಗಿ ಒಂದೇ ಕೋಣೆಯಲ್ಲಿ ಕೂತು ಸಿನಿಮಾ ನೋಡುವುದಿಲ್ಲ, ತೆರೆಯ ಮೇಲೆ ಯಾವಾಗ ಯಾರು ಯಾರಿಗೆ ಮುತ್ತು ಕೊಡುತ್ತಾರೋ ಹೇಳಲಾಗದು. ತಂಗಿ ಇರುವಲ್ಲಿ ಅಣ್ಣ ಪೋಲಿ ಮಾತಾಡುವುದಿಲ್ಲ, ಅಣ್ಣ ಇರುವಲ್ಲಿ ತಂಗಿ ಮೈಗೆ ಸಂಬಂಧಪಟ್ಟ ಯಾವ ಮಾತನ್ನೂ ಎತ್ತುವುದಿಲ್ಲ. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳಿಗೂ ಇದೇ ನಿಯಮ.

ಮೂರು ವಾರ ಕಳೆಯುವಷ್ಟರಲ್ಲಿ ಅಕೊಸಿತಾಳ ಅನುಮಾನ ಕಂಪನಿಯಿಂದ ಪಿಸಿಲಾಳ ಕಡೆಗೆ ತಿರುಗಿತು. ಹುಡುಗಿ ಪೇಟೆಯಿಂದ ಬಟ್ಟೆ ತರುತ್ತಿದ್ದಳು, ಬಾಗಿಲು ಹಾಕಿಕೊಂಡು ಹೊಲಿಗೆ ಮಿಷನ್ ತುಳಿಯುತ್ತಿದ್ದಳು, ಹೊಲಿದದ್ದನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಫೆಲೆತಿ ಗೆಣಸು ಕೊಡಲು ಬಂದರೆ ಸಾಕು, ಕೈಚೀಲವನ್ನು ಚಾಪೆಗಳ ಅಡಿಗೆ ತಳ್ಳುತ್ತಿದ್ದಳು. ಕಂಪನಿಯವರು ಇವಳ ಕೈಯಲ್ಲಿ ಏನೋ ಹೊರಿಸುತ್ತಿದ್ದಾರೆ ಎಂದೇ ಅಕೊಸಿತಾ ತಿಳಿದಳು. ಒಂದು ಭಾನುವಾರ ಪಿಸಿಲಾ ಹಾಡುವವರ ಗುಂಪಿನ ಜೊತೆ ಚರ್ಚಿನಲ್ಲೇ ಉಳಿದಾಗ, ಊಟಕ್ಕೆಂದು ಕೆಸುವಿನ ಎಲೆಯ ಪೊಟ್ಟಣಗಳನ್ನು ನೆಲದ ಒಲೆಯ ಗುಂಡಿಗೆ ಇಳಿಸಿ, ಕೈ ತೊಳೆದು, ಚಾಪೆ ಎತ್ತಿ ಚೀಲ ಬಿಚ್ಚಿದಳು.

ಒಳಗೆ ಹೂವಿನ ಚಿತ್ತಾರದ ಹತ್ತಿ ಬಟ್ಟೆಯ ಪಟ್ಟಿಗಳಿದ್ದವು, ಅಂಗೈ ಅಗಲ, ಎರಡು ಕಡೆ ರೆಕ್ಕೆಯಂತೆ ಚಾಚಿದ ತುಂಡು, ರೆಕ್ಕೆಗೆ ಗುಂಡಿ. ಒಂದು ಕ್ಷಣ ಏನೆಂದು ತಿಳಿಯಲಿಲ್ಲ. ತಿಳಿದಾಗ ಚಾಪೆಯ ಮೇಲೆ ಕೂತುಬಿಟ್ಟಳು. ತಿಂಗಳ ದಿನಗಳ ಬಟ್ಟೆ. ಒಗೆದು ಒಣಗಿಸಿ ಮತ್ತೆ ಬಳಸುವಂಥದ್ದು. ಹೊಲಿಗೆ ಎಳೆದು ನೋಡಿದಳು, ಬಿಡಲಿಲ್ಲ. ಒಂದರ ಮೇಲೆ ಲೋಟದಿಂದ ನೀರು ಸುರಿದು ಕಾದಳು, ಕೆಳಗೆ ಇಳಿಯಲಿಲ್ಲ. ಹೊಲಿಗೆಯಲ್ಲಿ ತಪ್ಪು ಹುಡುಕಿ ಸಿಗದೆ, ಒದ್ದೆಯಾದದ್ದನ್ನು ಹಿತ್ತಲ ಹಗ್ಗಕ್ಕೆ ಹಾಕಿ ಮೇಲೊಂದು ಟವೆಲ್ಲು ಮುಚ್ಚಿದಳು.

ಪಿಸಿಲಾ ಬಂದು ಹಗ್ಗ ನೋಡಿ ಮುಖ ಕೆಂಪು ಮಾಡಿಕೊಂಡಳು. ಅಕೊಸಿತಾ ಕೇಳಿದ್ದು ಒಂದೇ, ಇದನ್ನು ಅಷ್ಟು ಜನರ ಮುಂದೆ ಎದ್ದು ನಿಂತು ಹೇಗೆ ಹೇಳುತ್ತೀಯ ಎಂದು. ಹೇಳುತ್ತೇನೆ, ಅದರಲ್ಲೇನು ಎಂದು ಹುಡುಗಿ ನೆಲ ನೋಡುತ್ತ ಅಂದಳು. ಶಾಲೆಯ ಹುಡುಗಿಯರು ತಿಂಗಳಿಗೆ ಮೂರು ದಿನ ಮನೆಯಲ್ಲೇ ಉಳಿಯುತ್ತಾರೆ, ಅಂಗಡಿಯ ಪೊಟ್ಟಣ ಕೊಳ್ಳಲು ಎಲ್ಲರಿಗೂ ಆಗುವುದಿಲ್ಲ ಎಂದು ವಿವರಿಸಿದಳು. ಅತ್ತೆಗೆ ವಿವರಿಸುವಾಗ ಅವಳ ನಾಲಿಗೆ ಎಲ್ಲೂ ತಡವರಿಸಲಿಲ್ಲ.

ಐದನೆಯ ವಾರ ಅಭ್ಯಾಸದ ದಿನ ಬಂತು. ಆಕ್ಲೆಂಡಿನ ಕಚೇರಿಯಿಂದ ಬ್ರೆಂಡನ್ ಎಂಬ ಕಂಪನಿಯ ಅಧಿಕಾರಿಯೂ ಬಂದಿದ್ದ. ಸಾಧು ಮನುಷ್ಯ, ಬಿಸಿಲಿಗೆ ಮೂಗು ಸುಲಿದಿತ್ತು. ಪಿಸಿಲಾ ಎದ್ದು ಮುಂದೆ ಬಂದಳು. ನನ್ನದು ಬಟ್ಟೆಯ ಕೆಲಸ ಎಂದಳು. ಆಮೇಲೆ ಮಾತು ನಿಂತಿತು. ಲೊಸೆನಾ ಎಂಥ ಬಟ್ಟೆ ಎಂದು ಹುರಿದುಂಬಿಸಿದಳು. ಪಿಸಿಲಾ ಚೀಲವನ್ನು ಎರಡು ಕೈಯಲ್ಲಿ ಹಿಡಿದು ನಿಂತೇ ಇದ್ದಳು, ಗಡಿಯಾರ ಹತ್ತು ನಿಮಿಷ ತೋರಿಸುವ ತನಕ.

ಅಕೊಸಿತಾ ಚಹಾ ತಟ್ಟೆ ಹಿಡಿದು ಬಾಗಿಲಲ್ಲಿದ್ದಳು. ಹುಡುಗಿಯನ್ನು ನೋಡಿ, ಆಮೇಲೆ ಕೂತವರನ್ನು ನೋಡಿದಳು. ಮೂರನೆಯ ಸಾಲಿನಲ್ಲಿ ಫೆಲೆತಿ ತಲೆ ತಗ್ಗಿಸಿ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ, ಕಿವಿಯ ತುದಿ ಕೆಂಪಾಗಿತ್ತು. ಐದು ವಾರದಿಂದ ಇಬ್ಬರೂ ಅಲ್ಲೇ ಇದ್ದದ್ದನ್ನು ಅವಳು ದಿನವೂ ಕಂಡಿದ್ದಳು. ಚರ್ಚಿನಲ್ಲಿ ಕೂರುವಂತೆ ದೂರ ದೂರ ಕೂರುತ್ತಿದ್ದರು, ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಚೀಲದಲ್ಲಿ ಏನಿದೆ ಎಂದು ಗೊತ್ತಾದ ಮೇಲೆ ಮಾತ್ರ ಅರ್ಥವಾಯಿತು. ಫೆಲೆತಿ ಆ ಕೋಣೆಯಲ್ಲಿ ಇರುವವರೆಗೆ ಪಿಸಿಲಾ ಬಾಯಿ ತೆರೆಯುವುದಿಲ್ಲ.

ಅಂದು ಕಸ ಗುಡಿಸುವಾಗ ಮುದುಡಿದ ಹಾಳೆಯೊಂದು ಸಿಕ್ಕಿತು. ಇಪ್ಪತ್ತು ಹೆಸರುಗಳು. ಫೆಲೆತಿಯ ಮುಂದೆ ಎರಡು ಸರಿ ಗುರುತು. ಪಿಸಿಲಾಳ ಮುಂದೆ ಒಂದು ಪ್ರಶ್ನೆ ಚಿಹ್ನೆ, ಪಕ್ಕದಲ್ಲಿ ಆತ್ಮವಿಶ್ವಾಸ ಇಲ್ಲ ಎಂದು ಬರೆದಿತ್ತು. ಅಕೊಸಿತಾಗೆ ಹೊಸ ಅನುಮಾನ ಹುಟ್ಟಿತು. ಏಳು ಜನರನ್ನು ಆಗಲೇ ಆರಿಸಿಯಾಗಿದೆ, ಕೊನೆಯ ದಿನ ಬರೀ ಚಿತ್ರ ತೆಗೆಯಲಿಕ್ಕೆ.

ಮರುದಿನ ಲೊಸೆನಾಳ ಹತ್ತಿರ ಮಾತೆತ್ತಿದಳು. ಬ್ರೆಂಡನ್ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದ, ಅವನ ಎದುರು ಇದ್ದದ್ದನ್ನು ಇದ್ದ ಹಾಗೆ ಹೇಳಲು ಆಗಲಿಲ್ಲ. ಹುಡುಗಿಯರನ್ನು ಬೇರೆಯಾಗಿ ಕೂರಿಸಿ ಮಾತಾಡಿಸಿದರೆ ಕೆಲವರು ಚೆನ್ನಾಗಿ ಮಾತಾಡುತ್ತಾರೆ ಎಂದಷ್ಟೇ ಅಂದಳು. ಲೊಸೆನಾ ನಯವಾಗಿಯೇ ಉತ್ತರ ಕೊಟ್ಟಳು. ಹೊರಗಿನ ಜಗತ್ತಿನಲ್ಲಿ ಯಾರೂ ಬೇರೆ ಕೋಣೆ ಕೊಡುವುದಿಲ್ಲ, ಎಲ್ಲರ ಎದುರು ಮಾತಾಡುವುದೇ ಅವರು ಕಲಿಯಬೇಕಾದ್ದು.

ಕೊನೆಯ ದಿನ ಪಾದ್ರಿಯ ಪ್ರಾರ್ಥನೆ ಮುಗಿದ ಕೂಡಲೇ ಬ್ರೆಂಡನ್ ಒಂದು ನಿಯಮ ಓದಿದ. ಬೇರೆ ಊರಿನಲ್ಲಿ ಹಿಂದಿನ ಸಲ ಅರ್ಧ ಜನ ಯಾರದೋ ಮಣ್ಣಿಗೆಂದು ನಡುವೆ ಎದ್ದು ಹೋಗಿದ್ದರಂತೆ. ಈ ಸಲ ಎಲ್ಲರ ಮಾತು ಮುಗಿಯುವ ತನಕ ಎಲ್ಲರೂ ಕೂತಿರಬೇಕು, ಎದ್ದು ಹೋದವರ ಹೆಸರು ಪಟ್ಟಿಯಿಂದ ಹೋಗುತ್ತದೆ. ಫೆಲೆತಿಯ ಸರದಿ ನಾಲ್ಕನೆಯದು. ಒಂದು ಮಿಷನ್ನನ್ನೇ ಹೊತ್ತು ತಂದು, ಬಿಚ್ಚಿ, ಏಳು ನಿಮಿಷದಲ್ಲಿ ಜೋಡಿಸಿ, ಎಂಟನೆಯ ನಿಮಿಷಕ್ಕೆ ಎಲ್ಲರನ್ನೂ ನಗಿಸಿದ. ಬ್ರೆಂಡನ್ ಎದ್ದು ಚಪ್ಪಾಳೆ ತಟ್ಟಿದ. ಪಿಸಿಲಾಳ ಸರದಿ ಹನ್ನೊಂದನೆಯದು.

ಹತ್ತನೆಯವನು ಮಾತಾಡುತ್ತಿದ್ದಷ್ಟು ಹೊತ್ತೂ ಅಕೊಸಿತಾ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಫೆಲೆತಿ ಕೂತರೆ ಅವನಿಗೆ ಮಳಿಗೆ ಖಚಿತ, ಪಿಸಿಲಾಗೆ ಏನೂ ಇಲ್ಲ. ಫೆಲೆತಿ ಎದ್ದರೆ ಪಿಸಿಲಾಗೆ ಒಂದು ಅವಕಾಶ, ಅದೂ ಖಚಿತವಿಲ್ಲ. ಅಣ್ಣತಮ್ಮಂದಿರ ಮಕ್ಕಳ ಮೇಲೆ ಸೋದರತ್ತೆಗೆ ಹಕ್ಕಿದೆ. ಅವರ ಮದುವೆಯಲ್ಲಿ ಎತ್ತರದ ಜಾಗ ಅವಳದು. ಅವರ ಮನೆಯಿಂದ ಹಂದಿಯನ್ನೋ ಚಾಪೆಯನ್ನೋ ಎತ್ತಿಕೊಂಡು ಹೋದರೂ ಯಾಕೆ ಎಂದು ಕೇಳುವವರಿಲ್ಲ, ತಿರುಗಿ ಕೊಡು ಎನ್ನುವವರೂ ಇಲ್ಲ. ಇಷ್ಟು ವರ್ಷದಲ್ಲಿ ಅಕೊಸಿತಾ ಆ ಹಕ್ಕನ್ನು ಒಂದೆರಡು ಹಂದಿಗಳಿಗೆ ಬಿಟ್ಟರೆ ಬಳಸಿದವಳಲ್ಲ.

ಪಿಸಿಲಾಳ ಹೆಸರು ಕರೆದರು. ಅವಳು ಮುಂದೆ ಬಂದು ಚೀಲ ಹಿಡಿದು ನಿಂತಳು. ಅಕೊಸಿತಾ ಕಾಲೆಳೆಯುತ್ತ ಸಾಲುಗಳ ನಡುವೆ ನಡೆದು ಮೂರನೆಯ ಸಾಲಿನ ಹತ್ತಿರ ನಿಂತಳು.

"ಫೆಲೆತಿ, ಏಳು. ಹಿತ್ತಲಲ್ಲಿ ದೊಡ್ಡ ಪಾತ್ರೆ ತೊಳೆಯೋದಿದೆ."

ಲೊಸೆನಾ ಧಾವಿಸಿ ಬಂದು, ಅಮ್ಮ, ಅವನು ಹೊರಗೆ ಹೋದರೆ ಹೆಸರು ಹೋಗುತ್ತದೆ ಎಂದು ಪಿಸುಗುಟ್ಟಿದಳು. ಬ್ರೆಂಡನ್ ಕೈಯಲ್ಲಿದ್ದ ಹಾಳೆ ತೋರಿಸಿದ. ಅಕೊಸಿತಾ ಇಬ್ಬರ ಕಡೆಗೂ ತಿರುಗಲಿಲ್ಲ. ಫೆಲೆತಿ ಎದ್ದ. ಸಾಲಿನಲ್ಲಿದ್ದವರ ಮುಂದೆ ಬೆನ್ನು ಬಗ್ಗಿಸಿ, ದೊಡ್ಡವರ ಎದುರು ದಾಟುವ ಹಾಗೆ, ಹೊರಗೆ ನಡೆದ.

ಹಿತ್ತಲಲ್ಲಿ ಅವಳು ಅವನ ಕೈಗೆ ಪಾತ್ರೆಯನ್ನೂ ಒಂದು ಹಿಡಿ ಮರಳನ್ನೂ ಕೊಟ್ಟಳು.

"ಜೋರಾಗಿ ಉಜ್ಜು. ಒಳಗಿನ ಮಾತು ಕೇಳಬಾರದು."

"ಮೂರು ವಾರದಿಂದ, ನಿಮ್ಮ ಹಗ್ಗದ ಟವೆಲ್ಲು ಗಾಳಿಗೆ ಸರಿದ ದಿನದಿಂದ ಕಾಯ್ತಿದ್ದೆ ಅತ್ತೆ, ಯಾರಾದ್ರೂ ನನ್ನ ಕರೀಲಿ ಅಂತ."

"ನೀನೇ ಎದ್ದು ಬರಬಹುದಿತ್ತಲ್ಲೋ."

"ನಾನೇ ಎದ್ರೆ, ಅವಳ ಚೀಲದಲ್ಲಿ ಏನಿದೆ ಅಂತ ನನಗೆ ಗೊತ್ತು ಅಂತ ಎಲ್ರಿಗೂ ಗೊತ್ತಾಗಲ್ವಾ? ಆಮೇಲೆ ಅವಳು ಊರಲ್ಲಿ ಹೇಗೆ ಓಡಾಡೋದು?"

ಅಕೊಸಿತಾ ಪಾತ್ರೆಗೆ ಇನ್ನೊಂದು ಹಿಡಿ ಮರಳು ಹಾಕಿದಳು. ತಾನು ಅವನಿಂದ ಕಿತ್ತುಕೊಂಡದ್ದನ್ನು ಅವನು ತಿಳಿದೇ ಕೊಟ್ಟಿದ್ದ. ಇನ್ನೂ ಜೋರಾಗಿ ಉಜ್ಜು ಎಂದಳು.

ಒಳಗೆ ಪಿಸಿಲಾ ಹದಿನಾಲ್ಕು ನಿಮಿಷ ಮಾತಾಡಿದಳು, ಗಂಟೆ ಬಾರಿಸಿದರೂ ನಿಲ್ಲಿಸಲಿಲ್ಲವಂತೆ. ಪಟ್ಟಿಗಳನ್ನು ಹೊರತೆಗೆದು ಮೇಜಿನ ಮೇಲೆ ಜೋಡಿಸಿದಳು. ತೀರ್ಪುಗಾರರಲ್ಲಿ ಒಬ್ಬಳಾದ ಬ್ಯಾಂಕಿನ ಹೆಂಗಸು, ಮಳೆಗಾಲದಲ್ಲಿ ಒಣಗುವುದು ಹೇಗೆ ಎಂದು ಕೇಳಿದಾಗ, ಟವೆಲ್ಲಿನ ಅಡಿ ಹಾಕಿದರೂ ಸಂಜೆಯೊಳಗೆ ಒಣಗುತ್ತದೆ, ನಮ್ಮತ್ತೆ ಪರೀಕ್ಷೆ ಮಾಡಿದ್ದಾರೆ ಎಂದಳು. ಅಲ್ಲಿದ್ದ ಬೇರೆ ಹುಡುಗರು ಯಾರೂ ಅವಳಿಗೆ ಅಣ್ಣ ತಮ್ಮ ಆಗಬೇಕಾದವರಲ್ಲ. ಅವರೂ ಸ್ವಲ್ಪ ಕೆಮ್ಮಿ ಕೇಳಿಸಿಕೊಂಡರು.

ಏಳು ಹೆಸರುಗಳಲ್ಲಿ ಪಿಸಿಲಾಳದು ಆರನೆಯದು. ಆರಿಸಿಯಾಗಿದೆ ಎಂದು ಅಕೊಸಿತಾ ತಿಳಿದದ್ದು ಸುಳ್ಳಾಯಿತು. ಅದನ್ನು ಅವಳು ಒಪ್ಪಿಕೊಂಡದ್ದು ಒಂದು ವಾರದ ಮೇಲೆ. ಫೆಲೆತಿಯ ಹೆಸರು ಇರಲಿಲ್ಲ.

ಎಲ್ಲರೂ ಚಿತ್ರ ತೆಗೆಸಿಕೊಳ್ಳುತ್ತಿದ್ದಾಗ ಲೊಸೆನಾ ಅಡುಗೆ ಕೋಣೆಗೆ ಬಂದಳು. ಅವಳ ಕಣ್ಣಲ್ಲಿ ಸಿಟ್ಟಿತ್ತು. ಅಷ್ಟು ಒಳ್ಳೆಯ ಹುಡುಗನನ್ನು ಪಾತ್ರೆ ತೊಳೆಯಲು ಕರೆದು ಹಾಳು ಮಾಡಿದಿರಿ ಎಂದಳು. ಈ ಸಲ ಅಲ್ಲಿ ಗಂಡಸರು ಇರಲಿಲ್ಲ. ಅಕೊಸಿತಾ ಬಾಗಿಲು ಹಾಕಿ, ಇಬ್ಬರೂ ತನ್ನ ಅಣ್ಣತಮ್ಮಂದಿರ ಮಕ್ಕಳು ಎಂದು ತಿಳಿಸಿ, ಉಳಿದದ್ದನ್ನೂ ಹೇಳಿದಳು. ಲೊಸೆನಾ ಅಲ್ಲೇ ಮಣೆಯ ಮೇಲೆ ಕೂತಳು.

"ಆರು ವಾರ ಇದ್ದೆ ಇಲ್ಲಿ. ಯಾರೂ ಒಂದ್ಮಾತು ಹೇಳಲಿಲ್ವಲ್ಲ ಅಮ್ಮ."

"ಹೇಳೋ ಹಾಗಿದ್ದಿದ್ರೆ ಈ ತೊಂದರೆನೇ ಇರ್ತಿರಲಿಲ್ಲ ಮಗಳೇ. ನಿಮ್ಮಮ್ಮನಿಗೆ ಫೋನ್ ಮಾಡಿ ಕೇಳು."

ಲೊಸೆನಾ ಬ್ರೆಂಡನ್‌ನ ಹತ್ತಿರ ಹೋಗಿ ಬಹಳ ಹೊತ್ತು ಮಾತಾಡಿದಳು. ಅವನು ನಿಜವಾಗಿಯೂ ನೊಂದುಕೊಂಡ. ಆದರೆ ಎಲ್ಲರ ಎದುರು ಓದಿದ ನಿಯಮವನ್ನು ಒಬ್ಬನಿಗಾಗಿ ಮುರಿದರೆ ಉಳಿದ ಹನ್ನೆರಡು ಜನಕ್ಕೆ ಏನು ಹೇಳಲಿ ಎಂದ. ಫೆಲೆತಿ ಕಾರಣ ಬರೆದು ಒಂದು ಪತ್ರ ಕೊಟ್ಟರೆ ಕಚೇರಿಗೆ ಕಳಿಸುತ್ತೇನೆ, ಇಲ್ಲದಿದ್ದರೆ ಮುಂದಿನ ವರ್ಷ ಬರಲಿ. ಫೆಲೆತಿ ಬರೆಯಲಿಲ್ಲ. ಕಾರಣ ಬರೆದರೆ ತಂಗಿಯ ವಿಷಯ ಬರೆಯಬೇಕು. ಮುಂದಿನ ವರ್ಷದಿಂದ ಹುಡುಗಿಯರಿಗೆ ಬೇರೆ ಸಭೆ ಇಡುವುದೆಂದು ಕಂಪನಿಯ ವರದಿಯಲ್ಲಿ ಬಂತು, ತಮ್ಮದೇ ಹೊಸ ಯೋಚನೆ ಎಂಬಂತೆ. ಪಿಸಿಲಾ ಅದನ್ನು ಓದಿ ಹೇಳಿದಾಗ ಅಕೊಸಿತಾಗೆ ಆಶ್ಚರ್ಯವೇನೂ ಆಗಲಿಲ್ಲ. ಅವಳಿಗೆ ನಿದ್ದೆ ಕೆಡಿಸಿದ್ದು ಫೆಲೆತಿ. ಕೊಡಬೇಕಾದ್ದೇನೂ ಇಲ್ಲ ಎಂದು ಪದ್ಧತಿ ಹೇಳುತ್ತಿತ್ತು, ಅವಳ ಮನಸ್ಸು ಹೇಳುತ್ತಿರಲಿಲ್ಲ.

ಚಾಪೆ ಹೆಣೆಯುವ ಹೆಂಗಸರ ಮನೆಯಿಂದ ಸುದ್ದಿ ಹೊರಟಿತು. ಚೀಲದ ವಿಷಯ ಯಾರೂ ಬಾಯಿಬಿಟ್ಟು ಆಡಲಿಲ್ಲ. ಅತ್ತೆ ಕರೆದಳು, ಹುಡುಗ ಮಳಿಗೆ ಬಿಟ್ಟು ಎದ್ದ, ತಂಗಿಯ ಮರ್ಯಾದೆ ಉಳಿಸಿದ ಎಂದಷ್ಟೇ. ಮುಂದಿನ ಶನಿವಾರ ಬೆಳಿಗ್ಗೆ ಫೆಲೆತಿಯ ಅಂಗಳದಲ್ಲಿ ಹುಲ್ಲು ಕೊಯ್ಯುವ ಮಿಷನ್‌ಗಳು ಐದು ಬಂದು ನಿಂತಿದ್ದವು. ಅಂಥ ಹುಡುಗನ ಕೈಗೇ ಕೊಡಬೇಕು ಎಂದು ಜನ ದೂರದ ಹಳ್ಳಿಯಿಂದಲೂ ತಂದಿದ್ದರು.

ಸುದ್ದಿ ಕೇಳಿ ಪಿಸಿಲಾ ಸಂತೋಷಪಟ್ಟಳು. ಅಕೊಸಿತಾ ಹುಬ್ಬು ಗಂಟಿಕ್ಕಿದಳು. ಮರ್ಯಾದೆಗೆ ಮೆಚ್ಚಿ ಬಂದವರು ಮರ್ಯಾದೆಯನ್ನೇ ಕೊಟ್ಟು ಹೋಗುತ್ತಾರೆ, ಕೂಲಿ ಕೊಡುವುದಿಲ್ಲ ಎಂದಳು. ಸೊಂಟಕ್ಕೆ ಚಾಪೆ ಸುತ್ತಿಕೊಂಡು, ಒಂದು ಕುರ್ಚಿ ಎತ್ತಿಕೊಂಡು ರಸ್ತೆ ದಾಟಿ ಅವನ ದೀವಿಹಲಸಿನ ಮರದ ಕೆಳಗೆ ಕೂತಳು.

ಅವಳ ಎಣಿಕೆ ಸರಿಯಾಗಿತ್ತು. ಮೊದಲು ಬಂದವನು ಅವಳ ಗಂಡನ ತಮ್ಮ ಸಿತಿವೆನಿ. ಮಿಷನ್ ರೆಡಿಯಾಗಿದೆ ಎಂದೊಡನೆ ಹಿಡಿಕೆಗೆ ಕೈ ಹಾಕಿದ. ಫೆಲೆತಿ ನಾಚಿಕೊಂಡು ನೆಲ ನೋಡಿದ. ಆರು ವಾರದಲ್ಲಿ ಅವನಿಗೆ ಬೆಲೆ ಹಾಕುವುದನ್ನು ಕಲಿಸಿದ್ದರು, ಚಿಕ್ಕಪ್ಪನ ವಯಸ್ಸಿನವರ ಹತ್ತಿರ ಅದನ್ನು ಕೇಳುವುದನ್ನು ಕಲಿಸಿರಲಿಲ್ಲ.

"ಕೂಲಿ ಇಪ್ಪತ್ತು ಪಾಂಗಾ ಮೈದುನ," ಎಂದಳು ಅಕೊಸಿತಾ, ಕುರ್ಚಿಯಿಂದ ಏಳದೆ.

"ನಾವು ನಾವೇ ಅಲ್ವಾ ಅತ್ತಿಗೆ. ಆಮೇಲೆ ನೋಡ್ಕೊಂಡ್ರಾಯ್ತು."

"ನಾವು ನಾವೇ ಅಂತಾನೇ ಈಗ ಕೇಳ್ತಿರೋದು. ಹೊರಗಿನೋರಾಗಿದ್ರೆ ನಾಳೆ ಮನೆ ಬಾಗಿಲಿಗೆ ಹೋಗಿ ಜಗಳ ಆಡಿ ಕೇಳಬಹುದಿತ್ತು. ನಿನ್ನ ಹತ್ರ ಅದಾಗುತ್ತಾ?"

ಸಿತಿವೆನಿ ಫೆಲೆತಿಯ ಕಡೆ ನೋಡಿದ. ಫೆಲೆತಿ ಅತ್ತೆಯ ಕಡೆ ನೋಡಿದ. ಸೋದರತ್ತೆ ಕೂತಿರುವಾಗ ಅವನು ಅವಳ ಮಾತು ಮೀರಿ ಬಿಟ್ಟುಕೊಡುವ ಹಾಗಿರಲಿಲ್ಲ, ಅದು ಸಿತಿವೆನಿಗೂ ಗೊತ್ತಿತ್ತು. ಅವನು ಜೇಬಿಗೆ ಕೈ ಹಾಕಿದ.

ಮಧ್ಯಾಹ್ನದ ಹೊತ್ತಿಗೆ ಐದೂ ಮಿಷನ್‌ಗಳು ಹೋದವು, ಹೊಸದಾಗಿ ಎರಡು ಬಂದವು. ಕೊನೆಯವನು ಹೋದ ಮೇಲೆ ಫೆಲೆತಿ ಕೈಯ ಎಣ್ಣೆ ಒರೆಸಿಕೊಳ್ಳುತ್ತ, ಮುಂದಿನ ಶನಿವಾರ ಬರುತ್ತೀರಾ ಅತ್ತೆ ಎಂದು ಕೇಳಿದ. ಅವಳು ಕುರ್ಚಿಯನ್ನು ಮನೆಗೆ ಒಯ್ಯದೆ ಅಲ್ಲೇ ಮರದ ಕೆಳಗೆ ಬಿಟ್ಟು, ಕಾಲೆಳೆಯುತ್ತ ರಸ್ತೆ ದಾಟಿದಳು.